ಓದುಗರ ಪ್ರಶ್ನೆ, ಕಾನೂನಿನ ಉತ್ತರ: ಪೊಲೀಸರ ಕೈಯ ಸ್ಟನ್ ಗನ್, ಎದೆಯ ಮೇಲಿನ ಕ್ಯಾಮೆರಾ

ಈಚೆಗೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದುದರಿಂದ ಈ ಸಲ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಪತಿಗೆ 78 ವರ್ಷ. ಎರಡು ವರ್ಷಗಳಿಂದ ಮರೆವಿನ ಕಾಯಿಲೆಯಿದೆ. ರಾತ್ರಿ ಎದ್ದು ಓಡಾಡುತ್ತಾರೆ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಸಿಡ್ನಿಯಲ್ಲಿರುವ ಮಗನ ಮನೆಗೆ ಕೆಲವು ತಿಂಗಳ ಮಟ್ಟಿಗೆ ಹೋಗಬೇಕೆಂದಿದ್ದೇವೆ. ಅಲ್ಲಿ ಇಂಥದೇ ಕಾಯಿಲೆಯ ವೃದ್ಧೆಯೊಬ್ಬರ ಮೇಲೆ ಪೊಲೀಸರು ಕರೆಂಟಿನ ಗನ್ ಪ್ರಯೋಗಿಸಿ, ಅವರು ತೀರಿಕೊಂಡರೆಂದು ಕೇಳಿದಾಗಿನಿಂದ ನಿದ್ದೆ ಬರುತ್ತಿಲ್ಲ. ಇದು ನಿಜವೇ? ನಾವು ಯಾವ ಎಚ್ಚರ ವಹಿಸಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ನೀವು ಕೇಳಿದ್ದು ನಿಜ, ತಾಯಿ. ನ್ಯೂ ಸೌತ್ ವೇಲ್ಸ್ ರಾಜ್ಯದ ಕೂಮಾ ಎಂಬ ಸಣ್ಣ ಪಟ್ಟಣದ ವೃದ್ಧಾಶ್ರಮದಲ್ಲಿ 2023ರ ಮೇ 17ರ ನಸುಕಿನಲ್ಲಿ ಅದು ನಡೆಯಿತು. ಕ್ಲೇರ್ ನೌಲ್ಯಾಂಡ್ ಎಂಬ ಆ ಅಜ್ಜಿಗೆ 95 ವರ್ಷ. ತೂಕ 50 ಕಿಲೋ ಕೂಡ ಇರಲಿಲ್ಲ, ವಾಕರ್ ಹಿಡಿದುಕೊಂಡೇ ನಡೆಯುತ್ತಿದ್ದರು, ಡಿಮೆನ್ಷಿಯಾದ ಲಕ್ಷಣಗಳು ಸ್ಪಷ್ಟವಾಗಿ ಇದ್ದವು. ಆ ರಾತ್ರಿ ಊಟದ ಚಾಕು ಹಿಡಿದು ಓಡಾಡುತ್ತಿದ್ದ ಅವರನ್ನು ಸಮಾಧಾನಪಡಿಸಲಾಗದೆ ಸಿಬ್ಬಂದಿ ತುರ್ತು ಸೇವೆಗೆ ಕರೆ ಮಾಡಿದರು. ಆಂಬುಲೆನ್ಸಿನವರ ಜೊತೆಗೆ ಪೊಲೀಸರೂ ಬಂದರು. ಚಾಕು ಕೆಳಗಿಡುವಂತೆ ಹಲವು ಸಲ ಹೇಳಿದರೂ ಅಜ್ಜಿ ಇಡಲಿಲ್ಲ. ವಾಕರ್ ತಳ್ಳಿಕೊಂಡು ನಿಧಾನವಾಗಿ ಮುಂದಕ್ಕೆ ಬರುತ್ತಿದ್ದರು. ಪೊಲೀಸ್ ಅಧಿಕಾರಿ 'ಹಾಳಾಗಿ ಹೋಗಲಿ' ಎಂಬ ಅರ್ಥದ ಮಾತೊಂದನ್ನು ಆಡಿ ಸ್ಟನ್ ಗನ್ನಿನ, ಅಂದರೆ ನೀವು ಹೇಳಿದ ಕರೆಂಟಿನ ಗನ್ನಿನ, ಕುದುರೆ ಎಳೆದರು. ಅಜ್ಜಿ ಹಿಂದಕ್ಕೆ ಬಿದ್ದರು, ತಲೆ ನೆಲಕ್ಕೆ ಬಡಿಯಿತು, ಮಿದುಳಿನಲ್ಲಿ ರಕ್ತಸ್ರಾವವಾಗಿ ಒಂದು ವಾರದ ನಂತರ ತೀರಿಕೊಂಡರು.

ಆ ಮಾತೂ ಆ ಕ್ಷಣವೂ ನಮಗೆ ಗೊತ್ತಾದದ್ದು ಪೊಲೀಸರ ಮೈಮೇಲಿದ್ದ ಕ್ಯಾಮೆರಾದಿಂದ. ಪೊಲೀಸ್ ಇಲಾಖೆ ಹೊರಡಿಸಿದ ಮೊದಲ ಪ್ರಕಟಣೆಯಲ್ಲಿ ಸ್ಟನ್ ಗನ್ನಿನ ಹೆಸರೇ ಇರಲಿಲ್ಲ. ಪೊಲೀಸರೊಡನೆ ನಡೆದ ಮುಖಾಮುಖಿಯಲ್ಲಿ ವೃದ್ಧೆಯೊಬ್ಬರಿಗೆ ಗಾಯವಾಗಿದೆ ಎಂಬಷ್ಟೇ ಅರ್ಥ ಅದರಲ್ಲಿ ಬರುತ್ತಿತ್ತು. ನ್ಯಾಯಾಲಯದಲ್ಲಿ ಜ್ಯೂರಿಯ, ಅಂದರೆ ಅಪರಾಧಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡದ, ಮುಂದೆ ದೃಶ್ಯಾವಳಿ ಓಡಿದಾಗ, ಪೊಲೀಸರು ಅಜ್ಜಿಯನ್ನು ಕಂಡ ಕ್ಷಣದಿಂದ ಕುದುರೆ ಎಳೆದ ಕ್ಷಣಕ್ಕೆ ಮೂರು ನಿಮಿಷವೂ ಆಗಿರಲಿಲ್ಲ ಎಂಬುದು ಹೊರಬಿತ್ತು. 2024ರ ನವೆಂಬರ್‌ನಲ್ಲಿ ಜ್ಯೂರಿ ಆ ಅಧಿಕಾರಿಯನ್ನು ಕೊಲೆಯಲ್ಲದ ನರಹತ್ಯೆಯ ಅಪರಾಧಿ ಎಂದು ತೀರ್ಮಾನಿಸಿತು. ಕೆಲಸ ಹೋಯಿತು, ಆದರೆ 2025ರಲ್ಲಿ ನ್ಯಾಯಾಧೀಶರು ಜೈಲುವಾಸ ವಿಧಿಸದೆ ಎರಡು ವರ್ಷ ಷರತ್ತುಗಳಿಗೆ ಒಳಪಟ್ಟು ಹೊರಗಿರುವ ಆದೇಶ ಮತ್ತು ಸಮುದಾಯ ಸೇವೆಗಷ್ಟೇ ಶಿಕ್ಷೆಯನ್ನು ಸೀಮಿತಗೊಳಿಸಿದರು. ಅದು ತೀರ ಕಡಿಮೆಯಾಯಿತೆಂದು ಆ ದೇಶದ ಅನೇಕರಂತೆ ನನಗೂ ಅನಿಸಿದೆ.

ಆ ಮೂರು ನಿಮಿಷಗಳ ಬಗ್ಗೆಯೇ ನಾನು ಹೆಚ್ಚು ಯೋಚಿಸಿದ್ದೇನೆ. ಮರೆವಿನ ಕಾಯಿಲೆಯವರನ್ನು ನೋಡಿಕೊಂಡ ಯಾರಿಗಾದರೂ, ನಿಮಗಂತೂ ಚೆನ್ನಾಗಿ, ಗೊತ್ತಿರುವ ಸಂಗತಿಯೆಂದರೆ ಗಟ್ಟಿ ದನಿಯ ಆಜ್ಞೆ ಅವರ ತಲೆಗೆ ಇಳಿಯುವುದಿಲ್ಲ. ಎದುರಿಗೆ ನಿಂತವರು ಹೆಚ್ಚಾದಷ್ಟೂ ಅವರು ಕೈಯಲ್ಲಿರುವುದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಒಂದು ಹೆಜ್ಜೆ ಹಿಂದೆ ಸರಿದು, ಒಬ್ಬರೇ ಮೆಲ್ಲಗೆ ಮಾತನಾಡಿಸುತ್ತ, ಬಾಗಿಲು ಮುಂದೆ ಮಾಡಿ ಹತ್ತು ನಿಮಿಷ ಕಾದಿದ್ದರೆ ಏನು ನಷ್ಟವಾಗುತ್ತಿತ್ತು ಎಂಬ ಪ್ರಶ್ನೆಗೆ ಇಡೀ ವಿಚಾರಣೆಯಲ್ಲಿ ಒಪ್ಪುವಂಥ ಉತ್ತರ ನನಗೆ ಕಾಣಲಿಲ್ಲ.

ನೀವು ಪ್ರಯಾಣ ರದ್ದು ಮಾಡಬೇಕಿಲ್ಲ. ನಿಮ್ಮ ಯಜಮಾನರ ಕಾಯಿಲೆ, ಅವರಾಡುವ ಭಾಷೆ ಕನ್ನಡ ಎಂಬುದು, ಮಗನ ಫೋನ್ ನಂಬರು, ಈ ಮೂರನ್ನೂ ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಅವರ ಕೊರಳಿಗೋ ಅಂಗಿಯ ಜೇಬಿಗೋ ಹಾಕಿ. ಅಡುಗೆಮನೆಯ ಚಾಕು ಕತ್ತರಿಗಳನ್ನು ರಾತ್ರಿ ಬೀಗದೊಳಗಿಡಲು ಮಗನಿಗೆ ಹೇಳಿ. ಅಕ್ಕಪಕ್ಕದ ಮನೆಯವರಿಗೆ ಮೊದಲ ವಾರವೇ ಪರಿಚಯ ಮಾಡಿಸಿ. ಆಸ್ಟ್ರೇಲಿಯಾದ ತುರ್ತು ಸಂಖ್ಯೆ 000. ಅಲ್ಲಿಗೆ ಕರೆ ಮಾಡುವ ಸಂದರ್ಭ ಬಂದರೆ ಮೊದಲ ವಾಕ್ಯದಲ್ಲೇ 'ಮರೆವಿನ ಕಾಯಿಲೆ, ಆಂಬುಲೆನ್ಸ್ ಬೇಕು' ಎನ್ನಬೇಕು. ಸರ್ಕಾರದ ದುಭಾಷಿ ಸೇವೆ 131 450ರಲ್ಲಿ ಸಿಗುತ್ತದೆ.

ನೆರೆಹೊರೆಯ ಪರಿಚಯದ ಮಾತನ್ನು ಸುಮ್ಮನೆ ಹೇಳಲಿಲ್ಲ. 2015ರ ಫೆಬ್ರವರಿಯಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮ್ಯಾಡಿಸನ್ ಊರಿನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಹೋಗಿದ್ದ 57 ವರ್ಷದ ಅಜ್ಜ ಬೆಳಿಗ್ಗೆ ಮನೆಯ ಮುಂದಿನ ಹಾದಿಯಲ್ಲಿ ನಡೆದಾಡುತ್ತಿದ್ದಾಗ, ಅಪರಿಚಿತನೊಬ್ಬ ತಿರುಗಾಡುತ್ತಿದ್ದಾನೆಂದು ಯಾರೋ ಪೊಲೀಸರಿಗೆ ಫೋನ್ ಮಾಡಿದರು. 'ನೋ ಇಂಗ್ಲಿಷ್' ಎಂದಷ್ಟೇ ಹೇಳಬಲ್ಲ ಆ ಹಿರಿಯರನ್ನು ಅಧಿಕಾರಿಯೊಬ್ಬ ನೆಲಕ್ಕೆ ಅಪ್ಪಳಿಸಿದ್ದು ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲಿನ ಶಕ್ತಿ ಕುಂದಿತು. ದೃಶ್ಯವನ್ನು ಜಗತ್ತೇ ನೋಡಿದರೂ ಎರಡು ಸಲ ಜ್ಯೂರಿಗೆ ಒಮ್ಮತ ಬರಲಿಲ್ಲ. ಕೊನೆಗೆ ನ್ಯಾಯಾಧೀಶರೇ ಅಧಿಕಾರಿಯನ್ನು ಖುಲಾಸೆ ಮಾಡಿದರು.

ಪ್ರಶ್ನೆ: ಸ್ಟನ್ ಗನ್ನಿನಲ್ಲಿ 50,000 ವೋಲ್ಟ್ ಇರುತ್ತದೆಂದು ಓದಿದ್ದೇನೆ. ಅಷ್ಟು ವೋಲ್ಟ್ ಹರಿದರೂ ಮನುಷ್ಯ ಉಳಿಯುವುದು ಹೇಗೆ? ಗುಂಡು ಹಾರಿಸುವುದಕ್ಕಿಂತ, ಲಾಠಿಯಿಂದ ಮೂಳೆ ಮುರಿಯುವುದಕ್ಕಿಂತ ಇದು ಮೇಲಲ್ಲವೇ? ನಮ್ಮ ಪೊಲೀಸರಿಗೂ ಕೊಡಬಾರದೇಕೆ?
– ಐಟಿಐ ಉಪನ್ಯಾಸಕರು, ದಾವಣಗೆರೆ

ಉತ್ತರ: ವಿದ್ಯುತ್ ಪಾಠ ಮಾಡುವ ನಿಮಗೆ ಉತ್ತರದ ಅರ್ಧ ಭಾಗ ಗೊತ್ತೇ ಇದೆ. 50,000 ವೋಲ್ಟ್ ಎಂಬುದು ಬಟ್ಟೆ ಮತ್ತು ಗಾಳಿಯ ಸಂದನ್ನು ಕಿಡಿ ದಾಟುವುದಕ್ಕೆ ಬೇಕಾದ ಒತ್ತಡ. ಮೈಗೆ ತಾಗಿದ ಮೇಲೆ ಅದು ಸಾವಿರದಿನ್ನೂರರ ಆಸುಪಾಸಿಗೆ ಇಳಿಯುತ್ತದೆ. ಹರಿಯುವ ವಿದ್ಯುತ್ತು ಸರಾಸರಿ ಕೆಲವೇ ಮಿಲಿಆಂಪಿಯರ್. ಟೇಸರ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಸಾಧನದ ಕುದುರೆ ಎಳೆದರೆ, ಒತ್ತಿಟ್ಟ ಅನಿಲದ ಬಲದಿಂದ ಗಾಳದಂಥ ಎರಡು ಮುಳ್ಳುಗಳು ಕೂದಲೆಳೆಯಷ್ಟು ಸಣ್ಣ ತಂತಿಗಳನ್ನು ಎಳೆದುಕೊಂಡು ಹಾರಿ ಮೈಗೆ ಚುಚ್ಚಿಕೊಳ್ಳುತ್ತವೆ. ಬಹುಕಾಲ ಬಳಕೆಯಲ್ಲಿದ್ದ ಮಾದರಿಯಲ್ಲಿ ಒಂದು ಸಲ ಎಳೆದರೆ ಐದು ಸೆಕೆಂಡು, ಸೆಕೆಂಡಿಗೆ ಸುಮಾರು 19 ಮಿಡಿತ. ಎರಡು ಮುಳ್ಳುಗಳ ನಡುವೆ ಒಂದಡಿಯಷ್ಟು ಅಂತರವಿದ್ದರೆ ಆ ನಡುವಿನ ಸ್ನಾಯುಗಳು ಸೆಟೆದುಕೊಂಡು ಮನುಷ್ಯ ಕಡಿದ ಮರದಂತೆ ಬೀಳುತ್ತಾನೆ.

ಅಪಾಯಗಳು ಇಲ್ಲಿಂದಲೇ ಶುರುವಾಗುತ್ತವೆ. ಸ್ನಾಯು ಸೆಟೆದವನಿಗೆ ಬೀಳುವಾಗ ಕೈ ಊರಲು ಆಗುವುದಿಲ್ಲ. 2005ರಲ್ಲಿ ಕ್ಯಾಲಿಫೋರ್ನಿಯಾದ ಕೊರೊನಾಡೊದಲ್ಲಿ ಸೀಟ್ ಬೆಲ್ಟ್ ಹಾಕದ ತಪ್ಪಿಗೆ ಕಾರು ನಿಲ್ಲಿಸಿದ್ದ 21 ವರ್ಷದ ಯುವಕನೊಬ್ಬ, ಚಡ್ಡಿ ಮತ್ತು ಶೂ ಬಿಟ್ಟರೆ ಮೈಮೇಲೆ ಬೇರೇನೂ ಇಲ್ಲದೆ, ಆಯುಧವಿಲ್ಲದೆ, ಅಧಿಕಾರಿಯಿಂದ ದೂರದಲ್ಲಿ ನಿಂತಿದ್ದಾಗಲೇ ಟೇಸರ್ ತಗುಲಿ ಮುಖ ಅಡಿಯಾಗಿ ಬಿದ್ದು ನಾಲ್ಕು ಹಲ್ಲು ಮುರಿದುಕೊಂಡ. ಮೈಯೊಳಗಿನ ಮುಳ್ಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯಬೇಕಾಯಿತು. ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ಮಿತಿಮೀರಿದ ಬಲಪ್ರಯೋಗ ಎಂದು ಹೇಳಿತು. ಆದರೆ ಆ ಹೊತ್ತಿಗೆ ಕಾನೂನು ಅಷ್ಟು ಸ್ಪಷ್ಟವಾಗಿರಲಿಲ್ಲ ಎಂಬ ಕಾರಣಕ್ಕೆ ಅಧಿಕಾರಿ ಪರಿಹಾರದ ಹೊಣೆಯಿಂದ ಪಾರಾದರು.

ಎರಡನೆಯದು ಹೊತ್ತು. ಐದು ಸೆಕೆಂಡಿಗೆಂದು ರೂಪಿಸಿದ್ದನ್ನು ಕುದುರೆ ಒತ್ತಿ ಹಿಡಿದು ಎಷ್ಟು ಹೊತ್ತಾದರೂ ಎಳೆಯಬಹುದು. 2016ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಟೆಲ್ಫೋರ್ಡ್‌ನಲ್ಲಿ ಮಾಜಿ ಫುಟ್ಬಾಲ್ ಆಟಗಾರ ಡೇಲಿಯನ್ ಅಟ್ಕಿನ್ಸನ್ ಅವರ ಮೇಲೆ ಅದು ಬಿಡದೆ 33 ಸೆಕೆಂಡು ಹರಿದಿತ್ತು. ಸಾಧನವೇ ತನ್ನೊಳಗೆ ಬರೆದಿಟ್ಟುಕೊಂಡ ಲೆಕ್ಕ ಅದು. ಯಾವ ಸಾಕ್ಷಿಯೂ ಅಲುಗಿಸಲಾಗದ ಲೆಕ್ಕ. ಬಿದ್ದವರ ತಲೆಗೆ ಒದ್ದದ್ದೂ ಸೇರಿ ಆ ಅಧಿಕಾರಿಗೆ 2021ರಲ್ಲಿ ಎಂಟು ವರ್ಷ ಜೈಲಾಯಿತು. ಮುಳ್ಳು ಎದೆಗೆ ಬೀಳದಂತೆ ಗುರಿಯಿಡಿ ಎಂದು ತಯಾರಕ ಕಂಪನಿಯೇ 2009ರಲ್ಲಿ ಪೊಲೀಸರಿಗೆ ಸೂಚಿಸಿತ್ತು ಎಂಬುದನ್ನೂ ಇದರ ಜೊತೆ ಇಟ್ಟು ನೋಡಬೇಕು. ಟೇಸರ್ ಪ್ರಯೋಗದ ನಂತರ ಅಮೆರಿಕದಲ್ಲಿ ಸಂಭವಿಸಿದ ಸಾವಿರಕ್ಕೂ ಹೆಚ್ಚು ಸಾವುಗಳನ್ನು ರಾಯಿಟರ್ಸ್ ಸುದ್ದಿಸಂಸ್ಥೆ 2017ರಲ್ಲಿ ಪಟ್ಟಿ ಮಾಡಿತು. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಹೊಡೆತ, ಅದುಮಿ ಹಿಡಿಯುವುದು ಮುಂತಾದ ಬೇರೆ ಬಲಪ್ರಯೋಗವೂ ಇತ್ತು. ಆದ್ದರಿಂದ ಎಲ್ಲವನ್ನೂ ಟೇಸರ್ ಒಂದರ ಲೆಕ್ಕಕ್ಕೇ ಹಾಕಲಾಗದು.

ಗುಂಡಿಗಿಂತ ಮೇಲಲ್ಲವೇ ಎಂದು ಕೇಳಿದ್ದೀರಿ. ಗುಂಡು ಹಾರಿಸಲೇಬೇಕಾದ ಸಂದರ್ಭದಲ್ಲಿ ಅದರ ಬದಲು ಬಳಸಿದರೆ ಖಂಡಿತ ಮೇಲು. ಜೀವ ಉಳಿದ ಉದಾಹರಣೆಗಳು ಬೇಕಾದಷ್ಟಿವೆ, ಪೊಲೀಸರ ಜೀವವೂ ಸೇರಿ. ನನ್ನ ತಕರಾರು ಬೇರೆ. ಕೂಮಾದ ಅಜ್ಜಿಗೆ, ಕೊರೊನಾಡೊದ ಹುಡುಗನಿಗೆ ಯಾವ ಅಧಿಕಾರಿಯೂ ಗುಂಡು ಹಾರಿಸುತ್ತಿರಲಿಲ್ಲ. ಅಲ್ಲಿ ಸ್ಟನ್ ಗನ್ ಬಂದು ಕೂತದ್ದು ಪಿಸ್ತೂಲಿನ ಜಾಗದಲ್ಲಲ್ಲ, ಮಾತಿನ ಮತ್ತು ತಾಳ್ಮೆಯ ಜಾಗದಲ್ಲಿ. 2011ರಲ್ಲಿ ನಾರ್ತ್ ಕೆರೊಲಿನಾದ ಪೈನ್‌ಹರ್ಸ್ಟ್‌ನಲ್ಲಿ, ಚಿಕಿತ್ಸೆಗೆ ಒಲ್ಲೆನೆಂದು ಆಸ್ಪತ್ರೆಯ ಹೊರಗೆ ಕಂಬವೊಂದನ್ನು ತಬ್ಬಿ ಕೂತಿದ್ದ ಮಾನಸಿಕ ರೋಗಿಯೊಬ್ಬರಿಗೆ ಪೊಲೀಸರು ಎರಡು ನಿಮಿಷದಲ್ಲಿ ಐದು ಸಲ ಟೇಸರನ್ನು ನೇರವಾಗಿ ಮೈಗೊತ್ತಿದರು; ಅವರು ಅಂದೇ ತೀರಿಕೊಂಡರು. ತಕ್ಷಣದ ಅಪಾಯವಿಲ್ಲದಿದ್ದಾಗ, ಬರೀ ಹಟಮಾರಿತನಕ್ಕೆ ಟೇಸರ್ ಬಳಸುವುದು ಸಂವಿಧಾನಬಾಹಿರ ಎಂದು ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಹೇಳಿದ್ದು ಈ ಪ್ರಕರಣದಲ್ಲೇ.

ಇನ್ನೊಂದು ದುರಂತ ಪಿಸ್ತೂಲನ್ನೇ ಟೇಸರ್ ಎಂದು ಭಾವಿಸುವುದು. 2021ರ ಏಪ್ರಿಲ್‌ನಲ್ಲಿ ಮಿನ್ನೆಸೋಟದ ಬ್ರೂಕ್ಲಿನ್ ಸೆಂಟರ್‌ನಲ್ಲಿ, 26 ವರ್ಷ ಅನುಭವದ ಅಧಿಕಾರಿಣಿ 'ಟೇಸರ್, ಟೇಸರ್' ಎಂದು ಕೂಗುತ್ತಲೇ ಪಿಸ್ತೂಲಿನಿಂದ ಗುಂಡು ಹಾರಿಸಿದರು. 20 ವರ್ಷದ ಡಾಂಟೆ ರೈಟ್ ಸತ್ತ.

ನಮ್ಮಲ್ಲಿ ಕೊಡುವ ಪ್ರಶ್ನೆಗೆ ನನ್ನ ಉತ್ತರ ಎಚ್ಚರಿಕೆಯದು. ಲಾಠಿ ಏಟು ಬಾಸುಂಡೆ ಬಿಡುತ್ತದೆ. ವೈದ್ಯರು ಅದನ್ನು ಗಾಯದ ಪ್ರಮಾಣಪತ್ರದಲ್ಲಿ ಬರೆಯುತ್ತಾರೆ, ಮ್ಯಾಜಿಸ್ಟ್ರೇಟರು ಕಣ್ಣಾರೆ ನೋಡುತ್ತಾರೆ. ಮುಳ್ಳು ಹಾರಿಸದೆ ನೇರವಾಗಿ ಮೈಗೊತ್ತುವ ಸ್ಟನ್ ಗನ್ ವಿಪರೀತ ನೋವು ಕೊಟ್ಟು, ಒಂದೆರಡು ಕೆಂಪು ಚುಕ್ಕೆಗಳನ್ನಷ್ಟೇ ಬಿಟ್ಟು ಹೋಗುತ್ತದೆ. ಇಂಥ ಸಾಧನದ ಬಳಕೆ ಚಿತ್ರಹಿಂಸೆಯ ಒಂದು ರೂಪವಾಗಬಲ್ಲದೆಂದು ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಸಮಿತಿ 2007ರಲ್ಲಿ, ಪೋರ್ಚುಗಲ್ ಸಂಬಂಧವಾಗಿ, ಹೇಳಿತ್ತು. 1996ರಲ್ಲಿ, ಪೊಲೀಸ್ ವಶದಲ್ಲಿನ ಸಾವುಗಳ ಕುರಿತ ಡಿ.ಕೆ. ಬಸು ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಬಂಧನದ ನಿಯಮಗಳನ್ನು ಬರೆದುಕೊಡಬೇಕಾಗಿ ಬಂದ ದೇಶದಲ್ಲಿ, ಬಂದೀಖಾನೆಯ ನಾಲ್ಕು ಗೋಡೆಗಳೊಳಗೆ ಗುರುತು ಉಳಿಸದ ಆಯುಧವೊಂದು ಸುಲಭವಾಗಿ ಸಿಗುವುದನ್ನು ನೆನೆದರೆ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. ಬಂಧಿತ ವ್ಯಕ್ತಿ ತಪ್ಪಿಸಿಕೊಳ್ಳುವುದನ್ನು ತಡೆಯಲು ಬೇಕಾದಷ್ಟಕ್ಕಿಂತ ಹೆಚ್ಚಿನ ನಿರ್ಬಂಧ ಕೂಡದು ಎನ್ನುತ್ತದೆ, ಬಂಧನ ಮತ್ತು ತನಿಖೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 46ನೇ ಕಲಂ. ಪ್ರತಿ ಪ್ರಯೋಗದ ಸೆಕೆಂಡುಗಳ ಲೆಕ್ಕವನ್ನು ಮ್ಯಾಜಿಸ್ಟ್ರೇಟರಿಗೆ ಕಡ್ಡಾಯವಾಗಿ ಸಲ್ಲಿಸುವ, ಠಾಣೆಯೊಳಗೆ ಬಳಕೆಯನ್ನು ಪೂರ್ತಿ ನಿಷೇಧಿಸುವ ಕಾನೂನು ಮೊದಲು ಬರಲಿ. ಸಾಧನದ ಮಾತು ಆಮೇಲೆ.

ಪ್ರಶ್ನೆ: ಎಲ್ಲ ಪೊಲೀಸರ ಎದೆಯ ಮೇಲೂ ಕ್ಯಾಮೆರಾ ಇದ್ದುಬಿಟ್ಟರೆ ಸುಳ್ಳಿಗೆ ಜಾಗವೆಲ್ಲಿ? ಅಮೆರಿಕದಲ್ಲಿರುವ ನನ್ನ ತಂಗಿ ಅಲ್ಲಿ ಕ್ಯಾಮೆರಾ ಬಂದ ಮೇಲೂ ಏನೂ ಬದಲಾಗಿಲ್ಲ ಎನ್ನುತ್ತಾಳೆ. ಯಾವುದು ಸರಿ?
– ಓದುಗರು, ಪುತ್ತೂರು

ಉತ್ತರ: ನಿಮ್ಮಿಬ್ಬರ ಮಾತಿಗೂ ಆಧಾರವಿದೆ. ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಊರಿನಲ್ಲಿ 2012ರಿಂದ ಒಂದು ವರ್ಷ, 54 ಪೊಲೀಸರ ಪಾಳಿಗಳನ್ನು ಕ್ಯಾಮೆರಾ ಇರುವ ಮತ್ತು ಇಲ್ಲದ ಎರಡು ಬಗೆಯಾಗಿ ಹಂಚಿ ನೋಡಿದಾಗ, ಬಲಪ್ರಯೋಗ ಅರ್ಧಕ್ಕೆ ಅರ್ಧ ಇಳಿಯಿತು; ನಾಗರಿಕರ ದೂರುಗಳು ಹಿಂದಿನ ವರ್ಷದ ಹತ್ತರಲ್ಲೊಂದು ಪಾಲಿನಷ್ಟಾದವು. ಆದರೆ ವಾಷಿಂಗ್ಟನ್ ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೊಲೀಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಇದಕ್ಕೆ ಕಾರಣ ಹುಡುಕುವಾಗ ನಾನು ಮತ್ತೆ ಮತ್ತೆ ಹಿಂತಿರುಗುವುದು ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣಕ್ಕೆ. 2007ರ ಅಕ್ಟೋಬರ್ 14ರ ರಾತ್ರಿ. ಪೋಲೆಂಡಿನ ರಾಬರ್ಟ್ ಜೆಕಾನ್ಸ್ಕಿ ತಾಯಿಯ ಬಳಿ ನೆಲೆಸಲೆಂದು ಮೊದಲ ಸಲ ವಿಮಾನವೇರಿ ಬಂದವರು. ಪೋಲಿಷ್ ಬಿಟ್ಟರೆ ಬೇರೆ ಭಾಷೆಯಿಲ್ಲ. ಸುಮಾರು ಹತ್ತು ಗಂಟೆ ನಿಲ್ದಾಣದಲ್ಲೇ ದಾರಿ ಕಾಣದೆ ಅಲೆದರು. ಹೊರಗೆ ಕಾದು ಕಾದು, ಮಗ ಬಂದಿಲ್ಲವೆಂಬ ಉತ್ತರ ಪಡೆದು ತಾಯಿ ಮನೆಗೆ ಮರಳಿದ್ದರು. ಕಂಗೆಟ್ಟು ಕುರ್ಚಿ ಎಸೆಯತೊಡಗಿದ ಅವರ ಬಳಿಗೆ ನಾಲ್ವರು ಪೊಲೀಸರು ಬಂದು ಅರ್ಧ ನಿಮಿಷ ಆಗುವಷ್ಟರಲ್ಲಿ ಟೇಸರ್ ಹಾರಿತು. ಒಟ್ಟು ಐದು ಸಲ. ಆಗ ಅವರ ಕೈಯಲ್ಲಿದ್ದದ್ದು ಕಾಗದಕ್ಕೆ ಪಿನ್ ಹೊಡೆಯುವ ಸ್ಟೇಪ್ಲರ್. ನೆಲದ ಮೇಲೆಯೇ ಪ್ರಾಣ ಹೋಯಿತು.

ಎರಡೇ ಸಲ ಟೇಸರ್ ಬಳಸಿದ್ದಾಗಿ ಪೊಲೀಸರು ಮೊದಲು ಹೇಳಿದರು. ನಿಜ ಹೊರಬಂದದ್ದು ನಿಲ್ದಾಣದಲ್ಲಿದ್ದ ಇನ್ನೊಬ್ಬ ಪ್ರಯಾಣಿಕ ತನ್ನ ಸ್ವಂತ ಕ್ಯಾಮೆರಾದಲ್ಲಿ ಹಿಡಿದಿದ್ದ ದೃಶ್ಯದಿಂದ. ತನಿಖೆಗೆಂದು ಪಡೆದ ಅದನ್ನು ಪೊಲೀಸರು ಹೇಳಿದ ಹೊತ್ತಿಗೆ ಹಿಂದಿರುಗಿಸದಿದ್ದಾಗ ಆತ ವಕೀಲರ ಮೂಲಕ ಪಡೆದು ಮಾಧ್ಯಮಕ್ಕೆ ಕೊಟ್ಟ. ನಿವೃತ್ತ ನ್ಯಾಯಮೂರ್ತಿ ಥಾಮಸ್ ಬ್ರೇಡ್‌ವುಡ್ ಅವರ ವಿಚಾರಣಾ ಆಯೋಗ 2010ರಲ್ಲಿ ಪೊಲೀಸರ ವಿವರಣೆಯನ್ನು ಒಪ್ಪದೆ ತಳ್ಳಿಹಾಕಿತು; ನಾಲ್ವರಲ್ಲಿ ಇಬ್ಬರಿಗೆ ಆಯೋಗದ ಮುಂದೆ ಸುಳ್ಳು ಸಾಕ್ಷ್ಯ ನುಡಿದ ಅಪರಾಧಕ್ಕೆ ಶಿಕ್ಷೆಯಾಯಿತು.

ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ 2020ರ ಮೇ 25ರಂದು, ಕುತ್ತಿಗೆಯನ್ನು ಪೊಲೀಸನೊಬ್ಬ ಮಂಡಿಯಿಂದ ಅದುಮಿ ಹಿಡಿದು ಜಾರ್ಜ್ ಫ್ಲಾಯ್ಡ್ ಸತ್ತಾಗಲೂ ಪೊಲೀಸರ ಮೈಮೇಲೆ ಕ್ಯಾಮೆರಾಗಳಿದ್ದವು. ಆದರೂ ಇಲಾಖೆಯ ಮೊದಲ ಪ್ರಕಟಣೆ ಅದನ್ನು ಆರೋಗ್ಯ ಕೆಟ್ಟು ಸಂಭವಿಸಿದ ಸಾವಿನಂತೆ ಬಣ್ಣಿಸಿತ್ತು. ಆ ಮಾತನ್ನು ಅಳಿಸಿದ್ದು ದಾರಿಯಲ್ಲಿದ್ದ ಹದಿಹರೆಯದ ಹುಡುಗಿಯ ಮೊಬೈಲ್. ಷಿಕಾಗೊದಲ್ಲಿ 2014ರ ಅಕ್ಟೋಬರ್‌ನಲ್ಲಿ 17 ವರ್ಷದ ಹುಡುಗನಿಗೆ 16 ಗುಂಡು ಹೊಡೆದ ದೃಶ್ಯ ಪೊಲೀಸ್ ಕಾರಿನಲ್ಲೇ ದಾಖಲಾಗಿದ್ದರೂ, ನ್ಯಾಯಾಲಯ ಆದೇಶಿಸುವವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಜನರಿಗೆ ತೋರಿಸಲಿಲ್ಲ. 2023ರ ಜನವರಿಯಲ್ಲಿ ಮೆಂಫಿಸ್‌ನಲ್ಲಿ ಟೈರ್ ನಿಕೋಲ್ಸ್ ಅವರನ್ನು ಪೊಲೀಸರು ಹೊಡೆದು ಕೊಂದಾಗ, ಎದೆಯ ಕ್ಯಾಮೆರಾಗಳಲ್ಲಿ ಕೂಗಾಟ, ಕತ್ತಲು, ಅಲುಗಾಟವೇ ಹೆಚ್ಚು ಕಂಡಿತು. ನಡೆದದ್ದು ಸ್ಪಷ್ಟವಾಗಿ ತಿಳಿದದ್ದು ಬೀದಿ ಕಂಬದ ಮೇಲಿನ ಕ್ಯಾಮೆರಾದಿಂದ. ಎದೆಗೆ ಸಿಕ್ಕಿಸಿದ ಕ್ಯಾಮೆರಾ ಎದುರಿನವನನ್ನು ತೋರಿಸುತ್ತದೆ. ಅದನ್ನು ಧರಿಸಿದವನ ಕೈ ಏನು ಮಾಡುತ್ತಿದೆ ಎಂಬುದು ಬಹಳ ಸಲ ಚೌಕಟ್ಟಿನ ಹೊರಗೇ ಉಳಿಯುತ್ತದೆ.

ಆದ್ದರಿಂದ ನಾನು ಕೇಳುವುದು ಕ್ಯಾಮೆರಾ ಇತ್ತೇ ಎಂದಷ್ಟೇ ಅಲ್ಲ. ಅದನ್ನು ಚಾಲೂ ಮಾಡುವ, ಬಂದ್ ಮಾಡುವ ಅಧಿಕಾರ ಯಾರದು, ದೃಶ್ಯ ಯಾರ ಸುಪರ್ದಿಯಲ್ಲಿದೆ, ಸತ್ತವರ ಮನೆಯವರಿಗೆ ಎಷ್ಟು ದಿನದಲ್ಲಿ ಸಿಗುತ್ತದೆ? ಸ್ಟನ್ ಗನ್ನನ್ನು ಚಾಲೂ ಮಾಡಿದೊಡನೆ ಸುತ್ತಲಿನ ಕ್ಯಾಮೆರಾಗಳೂ ತಾವಾಗಿ ಚಾಲೂ ಆಗುವ, ಗುಂಡಿ ಒತ್ತುವುದಕ್ಕೆ ಹಿಂದಿನ ಅರ್ಧ ನಿಮಿಷದ ದೃಶ್ಯವನ್ನೂ ಉಳಿಸಿಕೊಳ್ಳುವ ವ್ಯವಸ್ಥೆಗಳು ಈಗಾಗಲೇ ಬಂದಿವೆ. ಆದರೆ ಹಾಗೆ ಉಳಿಯುವ ಅರ್ಧ ನಿಮಿಷಕ್ಕೆ ಸಾಮಾನ್ಯವಾಗಿ ಧ್ವನಿ ಇರುವುದಿಲ್ಲ. ಯಾರು ಏನು ಹೇಳಿದರು, ಎಚ್ಚರಿಕೆ ಕೊಟ್ಟರೇ ಇಲ್ಲವೇ ಎಂಬುದು ಅಲ್ಲಿಯೇ ಕಳೆದುಹೋಗುತ್ತದೆ.

ನಮ್ಮ ಕಡೆಯದೊಂದು ಅನುಭವ. ನಾನು ವಕೀಲಿಕೆ ಮಾಡುತ್ತಿದ್ದ ದಿನಗಳಲ್ಲಿ ಕಕ್ಷಿದಾರನೊಬ್ಬ ಠಾಣೆಯಲ್ಲಿ ತನಗೆ ಹೊಡೆದರೆಂದು ಹೇಳಿದಾಗ ಆ ರಾತ್ರಿಯ ಸಿಸಿಟಿವಿ ದೃಶ್ಯ ಕೋರಿ ಅರ್ಜಿ ಹಾಕಿದೆವು. 'ಸದರಿ ದಿನ ಕ್ಯಾಮೆರಾ ದುರಸ್ತಿಯಲ್ಲಿತ್ತು' ಎಂಬ ಒಂದೇ ಸಾಲಿನ ಉತ್ತರ ಬಂತು. ಆ ಹುಡುಗ ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು, ಒಂದು ಮಾತೂ ಆಡದೆ ಹೊರಟುಹೋದ.

ಪ್ರಶ್ನೆ: ನಾನು ಆಟೊ ಓಡಿಸುತ್ತೇನೆ. ಸಂಚಾರ ಪೊಲೀಸರು ಬಾಡಿ ಕ್ಯಾಮೆರಾ ಹಾಕಿಕೊಂಡು ನಿಲ್ಲಿಸುತ್ತಾರೆ. ಜಗಳವಾದರೆ ಆ ವಿಡಿಯೊ ನನಗೆ ಸಿಗುತ್ತದೆಯೇ? ನಾನೂ ಮೊಬೈಲಿನಲ್ಲಿ ಚಿತ್ರೀಕರಿಸಬಹುದೇ?
– ಆಟೊ ಚಾಲಕರು, ಬೆಂಗಳೂರು

ಉತ್ತರ: ಸಾರ್ವಜನಿಕ ರಸ್ತೆಯಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು ಚಿತ್ರೀಕರಿಸುವುದೇ ಅಪರಾಧವೆನ್ನುವ ಕಾನೂನು ನಮ್ಮಲ್ಲಿಲ್ಲ. ಅಧಿಕೃತ ರಹಸ್ಯ ಕಾಯ್ದೆಯ ಅರ್ಥದಲ್ಲಿ ಪೊಲೀಸ್ ಠಾಣೆಯೂ ನಿಷೇಧಿತ ಸ್ಥಳವಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಆದರೆ ಕೆಲಸಕ್ಕೆ ಅಡ್ಡ ಬಂದಿರೆಂಬ ಆರೋಪಕ್ಕೆ ಎಡೆ ಕೊಡಬೇಡಿ. ನಾಲ್ಕು ಹೆಜ್ಜೆ ದೂರ ನಿಲ್ಲಿ, ಮೊಬೈಲನ್ನು ಮುಖಕ್ಕೆ ಹಿಡಿಯಬೇಡಿ, ಕೇಳಿದ ದಾಖಲೆಗಳನ್ನು ಕೊಡುತ್ತಲೇ ಚಿತ್ರೀಕರಿಸಿ.

ಠಾಣೆಯ ಸಿಸಿಟಿವಿಯ ವಿಷಯದಲ್ಲಿ ನಿಮ್ಮ ಹಕ್ಕು ಇನ್ನೂ ಗಟ್ಟಿ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೇಶದ ಪ್ರತಿ ಠಾಣೆಯಲ್ಲೂ ಧ್ವನಿಸಹಿತ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಬೇಕು, ಠಾಣೆಯಲ್ಲಿ ಗಾಯವೋ ಸಾವೋ ಸಂಭವಿಸಿ ದೂರು ಬಂದರೆ ಮಾನವ ಹಕ್ಕು ಆಯೋಗ ಆ ದೃಶ್ಯಗಳನ್ನು ತರಿಸಿಕೊಳ್ಳಬಹುದು ಎಂದು ಆದೇಶಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನೂ ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು.

ಬಾಡಿ ಕ್ಯಾಮೆರಾದ ದೃಶ್ಯ ಬೇಕಿದ್ದರೆ ಒಂದು ದಿನವೂ ತಡಮಾಡಬೇಡಿ, ಹಳೆಯದನ್ನು ಅಳಿಸಿಬಿಡುವ ಸಾಧ್ಯತೆ ಇರುತ್ತದೆ. ಸಂಬಂಧಪಟ್ಟ ಡಿಸಿಪಿ ಕಚೇರಿಗೆ ದೃಶ್ಯವನ್ನು ಅಳಿಸದೆ ಉಳಿಸಿಡಬೇಕೆಂದು ಒಂದು ಪತ್ರ, ಅಲ್ಲಿನ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ, ಎರಡನ್ನೂ ಒಟ್ಟಿಗೆ ಕೊಡಿ. ತಾರೀಕು, ಗಂಟೆ, ವೃತ್ತದ ಹೆಸರು, ನಿಮ್ಮ ಆಟೊ ನಂಬರು, ಪೊಲೀಸರ ಎದೆಪಟ್ಟಿಯ ಹೆಸರು ಅದರಲ್ಲಿರಲಿ. ಎರಡರ ಪ್ರತಿಗೂ ಕಚೇರಿಯ ಮುದ್ರೆ ಮತ್ತು ತಾರೀಕು ಹಾಕಿಸಿಕೊಂಡೇ ಹೊರಡಿ.